ಲತಾಮಣಿ ಚಿಕ್ಕಮ್ಮನ ಗದ್ದ ಒಂದೇ ದಿನಕ್ಕೆ ವಾಸಿ ಆಗಲ್ಲ

ನಮ್ಮ ಚಿಕ್ಕಮ್ಮನ ಬಗ್ಗೆ ಬರೀತೀನಿ, ಅವರೇ ಓಕೆ ಅಂದ್ರು, ನಂಗೆ ಎಷ್ಟು ಖುಷಿ ಅಂದ್ರೆ ಪೆನ್ನೇ ನಿಲ್ತಿಲ್ಲ! ಹೆಸರು ಲತಾಮಣಿ, ಅಮ್ಮನ ತಂಗಿ. ಕೈಲಾಂಚ ಹತ್ರ ಮನೆ, ರೇಷ್ಮೆ ಹುಳ ಸಾಕ್ತಾರೆ. ಹುಳದ ಮನೆ ಒಳಗೆ ಅವರದ್ದೇ ರಾಜ್ಯ. ಗಂಡ ಜಯಕುಮಾರ್ ಚಿಕ್ಕಪ್ಪ ಕೂಡ ಕೇಳ್ಕೊಂಡೇ ಸೊಪ್ಪು ಹಾಕ್ಬೇಕು. ಆಚೆ ಬಂದ್ರೆ ಮಾತ್ರ ಬಾಯಿ ಮೇಲೆ ಸೆರಗು. ಯಾಕಂದ್ರೆ ಗದ್ದದ ಮೇಲೆ ಕೂದಲು. ಎರಡನೇ ಹೆರಿಗೆ ಆದ್ಮೇಲೆ ಶುರುವಾಯ್ತಂತೆ, ಏನೋ ಹಾರ್ಮೋನ್ ಪ್ರಾಬ್ಲಂ. ಮನೆಯವರೆಲ್ಲ ಏಳೋಕೆ ಮುಂಚೆ ಹಿತ್ತಲಲ್ಲಿ ಕೂತು, ದಾರ ಹಲ್ಲಲ್ಲಿ ಕಚ್ಕೊಂಡು ಕಿತ್ಕೊಳ್ಳೋರು.

ಒಂದಿನ ಬಸ್ಸಲ್ಲಿ ಒಂದು ಮಗು ಜೋರಾಗಿ, "ಅಮ್ಮೋ, ಆ ಆಂಟಿಗೆ ಗಡ್ಡ ಐತೆ!" ಅಂತು. ಅವತ್ತಿಂದ ಚಿಕ್ಕಮ್ಮ ಬಸ್ಸೇ ಹತ್ತಲಿಲ್ಲ. ಮಗಳ ಸ್ಕೂಲ್ ಮೀಟಿಂಗಿಗೂ ಹೋಗ್ಲಿಲ್ಲ. "ಅಮ್ಮ ಬರೋದೇ ಬ್ಯಾಡ ಅಂತ ಅವಳೇ ಅಂದ್ಲು ಕಣವ್ವ" ಅಂತ ಫೋನಲ್ಲಿ ಅತ್ತಾಗ ನಾನೇ, ಕೂದಲು ತೆಗೆಯೋ ಲೇಸರ್ ಮಾಡಿಸೋಣ ಅಂದೆ.

"ಸುಟ್ಬುಟ್ರೆ? ಕಣ್ಣು ಹೋದ್ರೆ?"

"ಏನೂ ಆಗಲ್ಲ ಚಿಕ್ಕಮ್ಮ, ನನ್ನ ಕ್ಲಾಸಲ್ಲೇ ಇಬ್ರು ಮಾಡಿಸಿದ್ದಾರೆ."

"ನಮ್ಮತ್ತೆಗೆ ಗೊತ್ತಾದ್ರೆ ಮುಗೀತು ನನ್ ಕತೆ."

ಅತ್ತೆ ಅಂದ್ರೆ ಮಾಯಮ್ಮಜ್ಜಿ. ಅವರಂದ್ರೆ ನಂಗೂ ಭಯಾನೇ. ಕಾಲೇಜ್ ಫಂಕ್ಷನ್ ಅಂತ ಸುಳ್ಳು ಹೇಳಿ ರಾಮನಗರದ ಕ್ಲಿನಿಕ್ಕಿಗೆ ಆಟೋದಲ್ಲಿ ಕರ್ಕೊಂಡು ಹೋದೆ.

ಡಾಕ್ಟರ್ ಮೇಡಂ ನಕ್ಕೊಂಡು, "ಹತ್ತು ನಿಮಿಷದ ಕೆಲಸ ಅಮ್ಮ" ಅಂದ್ರು. ಚಿಕ್ಕಮ್ಮನ ಮುಖ ಅರಳಿತು. "ಆದ್ರೆ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದ್ಸಲ ಬರ್ಬೇಕು. ಆರು ಸಲ, ಎಂಟು ಸಲ ಆಗ್ಬಹುದು. ನಿಮ್ದು ಹಾರ್ಮೋನ್ ಕೇಸು, ಆಮೇಲೂ ಆವಾಗಾವಾಗ ಬೇಕಾಗುತ್ತೆ."

ಅರಳಿದ್ದು ಬಾಡೋಯ್ತು. "ಮೇಡಮ್ಮೋರೆ, ಅಷ್ಟೊತ್ತಿಗೆ ನಾನು ಎಷ್ಟೋ ಬೆಳೆ ರೇಷ್ಮೆ ಗೂಡು ಬಿಡಿಸಿರ್ತೀನಿ!"

ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯಲ್ಲ, ಬೆಳೀತಿರೋದಕ್ಕೆ ಮಾತ್ರ ಲೇಸರ್ ಹಿಡಿಯುತ್ತೆ, ಅದಕ್ಕೇ ಇಷ್ಟು ತಿಂಗಳು ಅಂತ ಮೇಡಂ ಬಿಡಿಸಿ ಹೇಳಿದ್ರು. "ದಾರದಲ್ಲಿ ಮಾತ್ರ ಕೀಳ್ಬೇಡಿ. ಕೂದಲಿನ ಬುಡಾನೇ ಇಲ್ಲಾಂದ್ರೆ ಲೇಸರ್ ಯಾವುದನ್ನ ಸುಡ್ಬೇಕು? ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಶೇವ್ ಮಾಡ್ಕೊಳ್ಳಿ."

"ಶೇವಾ? ಗಂಡಸ್ರಂಗಾ?"

ಮಿಷಿನ್ ಟಕ್ ಟಕ್ ಅಂದಾಗೆಲ್ಲ ರಬ್ಬರ್ ಬ್ಯಾಂಡ್ ಎಳ್ದು ಹೊಡೆದಂಗೆ ಆಗ್ತಿತ್ತಂತೆ. ಸುಟ್ಟ ಕೂದಲ ವಾಸನೆ ಬೇರೆ. ನನ್ನ ಕೈ ಎಷ್ಟು ಗಟ್ಟಿ ಹಿಡ್ಕೊಂಡಿದ್ರು ಅಂದ್ರೆ ಉಗುರು ಮೂಡ್ಬಿಡ್ತು.

ಒಂದು ವಾರ ಕಳೀತು ಅಷ್ಟೇ, ಬೆಳಗ್ಗೆ ಫೋನು. "ಪುಟ್ಟಿ, ಜಾಸ್ತಿ ಆಗೋಯ್ತು. ಕರ್ರಗೆ ಚುಕ್ಕೆ ಚುಕ್ಕೆ. ಬಾ."

ಕ್ಲಾಸ್ ಬಂಕ್ ಮಾಡಿ ಓಡಿದೆ. ಚಿಕ್ಕಮ್ಮ ಹುಳದ ಮನೆ ಮೂಲೇಲಿ ಬೆನ್ನು ಹಾಕ್ಕೊಂಡು ಕೂತಿದ್ರು. ಹತ್ರ ಹೋಗಿ ನೋಡ್ತೀನಿ, ಹಲ್ಲಲ್ಲಿ ದಾರ! ಗದ್ದದ ಬಲಗಡೆ ಪೂರ್ತಿ ಕಿತ್ತು ಕೆಂಪಗೆ ಊದಿದೆ. ಎಡಗಡೆ ಕಾಳುಮೆಣಸಿನ ಪುಡಿ ಉದುರಿಸಿದಂಗೆ ಕಪ್ಪು ಚುಕ್ಕೆ.

"ಚಿಕ್ಕಮ್ಮಾ! ಕೀಳ್ಬೇಡಿ ಅಂದಿದ್ರಲ್ಲ!"

"ಹುಳದ್ ಮೈ ಮ್ಯಾಲೆ ಹಿಂಗೇ ಚುಕ್ಕೆ ಬಂದ್ರೆ ರೋಗ ಕಣವ್ವ. ಕಂಡ್ ತಕ್ಷಣ ಆರಿಸಿ ಆಚೆ ಹಾಕ್ಬೇಕು. ಇಲ್ದಿದ್ರೆ ತಟ್ಟೆಗೆಲ್ಲ ಹರಡಿ ಬೆಳೆನೇ ಹೋಯ್ತದೆ. ಕನ್ನಡಿ ನೋಡ್ದೆ, ಕೈ ತಾನಾಗೇ ಹೋಯ್ತು. ಮುಖಕ್ಕೆಲ್ಲ ಹರಡ್ಬುಟ್ರೆ?"

"ಏನೇ ಅದು ಕಿರುಚಾಟ?"

ಬಾಗಿಲಲ್ಲಿ ಮಾಯಮ್ಮಜ್ಜಿ. ಚಿಕ್ಕಮ್ಮ ಸಟ್ಟನೆ ಬಾಯಿಗೆ ಸೆರಗು ಎಳ್ಕೊಂಡ್ರು. ಅಜ್ಜಿ ಸೀದಾ ಬಂದು ಸೊಸೆ ಗದ್ದ ಹಿಡ್ದು, ಬೆಳಕಿಗೆ ತಿರುಗಿಸಿ ನೋಡಿದ್ರು.

"ಯಾರು ಮಾಡಿದ್ದು ಇದ?"

ನಾನೇ ತೊದಲ್ಕೊಂಡು ಎಲ್ಲಾ ಹೇಳ್ದೆ.

"ಎಷ್ಟ್ ದಿನ ಹಿಡೀತದಂತೆ?"

"ಎಂಟು ತಿಂಗಳು... ಜಾಸ್ತಿನೂ ಆಗ್ಬಹುದು ಅಜ್ಜಿ."

"ಇವಳು ಎಂಟು ದಿನಕ್ಕೇ ಕೆರ್ಕೊಂಡವ್ಳೆ!" ಅಜ್ಜಿ ದಾರ ಕಿತ್ಕೊಂಡ್ರು. "ಮುಖ ಕೆರೆದ್ ಕೈಲಿ ಹುಳ ಮುಟ್ಬ್ಯಾಡ, ಆಚೆ ನಡಿ. ಮುಂದಿನ್ ಸಲ ನಾನೂ ಬತ್ತೀನಿ. ಅದೇನ್ ಮಿಷಿನ್ನೋ ನೋಡಾಣ."

ಬೈತಾರೋ ಒಪ್ಪಿದಾರೋ ಗೊತ್ತಾಗದೆ ನಾವಿಬ್ರೂ ಇನ್ನೂ ಹೆದರಿದ್ವಿ.

ಮೇಡಂಗೆ ಫೋನ್ ಮಾಡಿದ್ರೆ, ಅದು ಸತ್ತ ಕೂದಲು, ಚರ್ಮದಿಂದ ಮೇಲೆ ಬರ್ತಿದೆ, ತಾನಾಗೇ ಉದುರುತ್ತೆ ಅಂದ್ರು. ನಿಜವಾಗ್ಲೂ ಎಡಗಡೆದು ಮುಖ ಒರೆಸಿದಾಗ ಟವಲ್ಲಿಗೇ ಬಂತು. ಚಿಕ್ಕಮ್ಮ ಅದನ್ನ ನೋಡಿ ನಗಲಿಲ್ಲ, ಬಲಗಡೆ ಮುಟ್ಕೊಂಡು ಅತ್ರು.

ಎರಡನೇ ಸಲ ಹೋದಾಗ ಮೇಡಂ ಲೈಟ್ ಹಾಕಿ ನೋಡಿ ತಲೆ ಆಡಿಸಿದ್ರು. "ಬಲಗಡೆ ಹಿಡಿಯೋಕೆ ಕೂದಲೇ ಇಲ್ಲ. ಅಲ್ಲಿಗೆ ಒಂದು ಸಲ ಜಾಸ್ತಿ ಬರ್ಬೇಕಾಗುತ್ತೆ."

"ಅಂದ್ರೆ ಎಡಗಡೆ ಮುಂಚೆ ಮುಗೀತದಾ? ಅರ್ಧ ಮುಖ ಇಟ್ಕೊಂಡು ಮಗಳ ಸ್ಕೂಲ್ ಮೀಟಿಂಗಿಗೆ ಹೆಂಗೆ ಹೋಗ್ಲಿ ಮೇಡಮ್ಮೋರೆ?"

"ಹೋಗ್ಬಹುದು. ಬಲಗಡೆ ಮತ್ತೆ ಬಂದ್ರೆ ಶೇವ್ ಮಾಡ್ಕೊಂಡು ಹೋಗಿ."

ಆಚೆ ಮಾಯಮ್ಮಜ್ಜಿ, "ಕರೆಂಟ್ ಹೋದ್ರೆ ಏನ್ ಮಾಡ್ತೀರವ್ವ?" ಅಂತ ಯಾರನ್ನೋ ದಬಾಯಿಸ್ತಾ ಇದ್ರು. ಒಳಗೆ ಕಪ್ಪು ಕನ್ನಡಕ ಹಾಕ್ಕೊಂಡು ಮಲಗಿದ್ದ ಚಿಕ್ಕಮ್ಮ ಮತ್ತೆ ನನ್ನ ಕೈ ಗಟ್ಟಿ ಹಿಡ್ಕೊಂಡ್ರು.

"ಎಡಗಡೆ ಬೇಗ ಶುರು ಮಾಡ್ಬುಡಿ ಮೇಡಮ್ಮೋರೆ," ಅಂದ್ರು, "ನಾನು ಎದ್ದು ಓಡೋಕ್ ಮುಂಚೆ."