ಸ್ಟಾಕ್‌ಪೋರ್ಟ್‌ನಿಂದ ಪೋಡಿಗೆ ಒಂದು ಫೋನು

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮನೆಮಂದಿಯೆಲ್ಲ ಗಾಢ ನಿದ್ದೆಯಲ್ಲಿದ್ದಾರೆ. ಜಲಜಾ ಮಾತ್ರ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಸ್ವೆಟರಿನ ಮೇಲೊಂದು ಶಾಲು ಹೊದ್ದು ಫೋನಿನಲ್ಲಿ ಮಾತಾಡುತ್ತಿದ್ದಾರೆ. ಆ ಕಡೆ ಇರುವುದು ಯಲ್ಲಾಪುರದ ಹತ್ತಿರ ಕೌದಿ ಹೊಲಿಯುವ ಸಿದ್ದಿ ಹೆಂಗಸರ ಸಂಘ. ಬರ್ಮಿಂಗ್‌ಹ್ಯಾಮಿನ ಟ್ರಸ್ಟೊಂದರಿಂದ ಅವರಿಗೆ ನೆರವು ಕೇಳಬೇಕಾಗಿದೆ.

"ಸಬಲೀಕರಣ ಗಿಬಲೀಕರಣ ಅನ್ನೋದೆಲ್ಲ ಬಿಡಿ. ನಿಮಗೆ ಏನು ಬೇಕು ಅಂತ ನಿಮ್ಮ ಬಾಯಲ್ಲೇ ಹೇಳಿ, ಇಂಗ್ಲಿಷಿಗೆ ನಾನು ಹಾಕ್ತೀನಿ," ಎನ್ನುತ್ತಾರೆ ಜಲಜಾ.

ಹಗಲಲ್ಲಿ ಇವರು ಜಿಪಿ ಸರ್ಜರಿಯೊಂದರ, ಅಂದರೆ ಬಡಾವಣೆಯ ವೈದ್ಯರ ಕ್ಲಿನಿಕ್ಕಿನ, ರಿಸೆಪ್ಷನಿಸ್ಟ್. ಪತಿ ಶ್ರೀರಂಗ ಮ್ಯಾಂಚೆಸ್ಟರಿನಲ್ಲಿ ಆಸ್ಪತ್ರೆ ವೈದ್ಯರು. ಹಳ್ಳಿಯ, ಕಾಡಿನ ಸಣ್ಣಪುಟ್ಟ ಸಂಘಗಳಿಗೆ ಇಲ್ಲಿನ ಯಾವ ಟ್ರಸ್ಟು ಹಣ ಕೊಡುತ್ತದೆ, ಯಾರು ತರಬೇತಿ ಕೊಡುತ್ತಾರೆ ಎಂದು ಹುಡುಕಿ, ಕನ್ನಡದಲ್ಲಿ ತಿಳಿಸಿ ಹೇಳಿ, ಅರ್ಜಿ ಬರೆದುಕೊಡುವುದು ಇವರ ಬೆಳಗಿನ ಜಾವದ ಕೆಲಸ. ಸಂಬಳವಿಲ್ಲ. ಅರ್ಜಿಯಲ್ಲಿ ಎಲ್ಲೂ ಹೆಸರಿಲ್ಲ. ಹತ್ತಿರದ ಡಿಡ್ಸ್‌ಬರಿಯ ಕನ್ನಡ ಗೆಳತಿಯರಿಗೂ ಇದರ ಗಂಧಗಾಳಿಯಿಲ್ಲ. "ಅಮ್ಮ ಈಸ್ ಆಲ್ವೇಸ್ ಆನ್ ದ ಫೋನ್," ಎಂದು ಮಗ ಅಭಯ್ ದೂರುತ್ತಾನೆ, ಅಷ್ಟೆ.

ಇದೆಲ್ಲ ಶುರುವಾದದ್ದು ಚಾಮರಾಜನಗರದ ಕಾಡಂಚಿನ ಒಂದು ಪೋಡಿನಿಂದ. ಪೋಡು ಎಂದರೆ ಸೋಲಿಗರ ಊರು. ಮೈಸೂರಿನ ಜಲಜಾ ಮದುವೆಗೆ ಮುಂಚೆ ಅಲ್ಲಿನ ಹೆಂಗಸರಿಗೆ ಅಕ್ಷರ ಕಲಿಸಲು ಹೋದವರು, ಆ ಊರಿಗೇ ಮನಸ್ಸು ಕೊಟ್ಟು ಬಂದರು. "ಊರು ಅಂದ್ರೆ ನಂಗೆ ಮೈಸೂರಿನ ಮನೆ ಕಣ್ಮುಂದೆ ಬರಲ್ಲ. ಪೋಡೇ ಬರುತ್ತೆ. ಮಹಾದೇವಿ ರೊಟ್ಟಿ ತಟ್ಟೋ ಸದ್ದು ಬರುತ್ತೆ," ಎನ್ನುವಾಗ ಅವರ ದನಿ ಇಳಿಯುತ್ತದೆ.

ಮಹಾದೇವಿ ಅಂದಿನ ಅವರ ವಿದ್ಯಾರ್ಥಿನಿ. ಇಂದು ಜೇನು, ಸೀಗೆ ಮಾರುವ ಸಂಘದ ಮುಂದಾಳು. ಹತ್ತು ವರ್ಷ ಪ್ರತಿ ಮಂಗಳವಾರ ಅವಳ ಫೋನು ತಪ್ಪದೆ ಬರುತ್ತಿತ್ತು. ಅರ್ಜಿಯ ತಲೆನೋವು ಒಂದೆರಡಲ್ಲ. 'ಐದು ವರ್ಷದ ನಂತರ ನಿಮ್ಮ ಸಂಸ್ಥೆ ಎಲ್ಲಿರುತ್ತದೆ' ಎಂದು ಟ್ರಸ್ಟಿನವರು ಕೇಳುತ್ತಾರೆ. "ಎಲ್ಲಿಗೋದೆವು ಕನಕ್ಕ, ಇಲ್ಲೇ ಇರ್ತೀವಿ," ಎಂದು ಮಹಾದೇವಿ ನಗುತ್ತಿದ್ದಳು. ಅದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಮಾಡುವಷ್ಟರಲ್ಲಿ ಜಲಜಾಗೆ ಸಾಕುಸಾಕಾಗುತ್ತಿತ್ತು. ಬರೆದುಕೊಟ್ಟ ಅರ್ಜಿಗಳಲ್ಲಿ ತಿರಸ್ಕೃತವಾದವೇ ಹೆಚ್ಚು.

2015ರಲ್ಲಿ ಲೀಡ್ಸ್‌ನ ಪುಟ್ಟ ಟ್ರಸ್ಟೊಂದು ಬೇರೆಯೇ ಒಂದು ಅವಕಾಶ ಮುಂದಿಟ್ಟಿತು. ಇಂಥ ಸಂಘಗಳಿಗೆ ಮೈಸೂರಿನಲ್ಲಿ, ಕನ್ನಡದಲ್ಲೇ, ಒಂದು ವರ್ಷದ ತರಬೇತಿ. ನೆರವು ಹುಡುಕುವುದು, ಅರ್ಜಿ ಹಾಕುವುದು, ಲೆಕ್ಕ ಒಪ್ಪಿಸುವುದು ಎಲ್ಲವನ್ನೂ ತಾವೇ ಕಲಿಯಬಹುದು. ಆಯ್ಕೆಯ ಸಂದರ್ಶನ ಫೋನಿನಲ್ಲಿ. ದುಭಾಷಿಯೂ ಟ್ರಸ್ಟಿನವರೇ. ನಡುವೆ ಮೂರನೆಯವರು ಯಾರೂ ಇರಕೂಡದು ಎಂಬುದು ಷರತ್ತು. ಮಹಾದೇವಿ ಕಲಿತರೆ ಮಂಗಳವಾರದ ಫೋನು ನಿಲ್ಲುತ್ತದೆ. ಇದು ಗೊತ್ತಿದ್ದೂ ಜಲಜಾ ಅವಳನ್ನು ಹುರಿದುಂಬಿಸಿದರು.

ಅವರ ಪಾಲಿಗೆ ಉಳಿದದ್ದು ಸಂದರ್ಶನದ ಹೊತ್ತು ತಿಳಿಸುವ ಕೆಲಸವೊಂದೇ. ಅದರಲ್ಲೇ ಎಡವಿದರು.

ಮಾರ್ಚ್‌ನ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಸಂದರ್ಶನವಿದ್ದದ್ದು ಮಾರನೆಯ ದಿನ, ಸೋಮವಾರ. ಜಲಜಾ ಹಳೆಯ ಲೆಕ್ಕದಲ್ಲೇ, ಒಂದು ಗಂಟೆ ತಡವಾದ ಹೊತ್ತು ಹೇಳಿಬಿಟ್ಟಿದ್ದರು. ಪೋಡಿನಲ್ಲಿ ಎಲ್ಲರೂ ಕೂತು ಒಪ್ಪದೆ ಒಬ್ಬರೂ ಹೂಂ ಎನ್ನುವುದಿಲ್ಲವಾದ್ದರಿಂದ, ಅವತ್ತು ಅಷ್ಟೂ ಹೆಂಗಸರು ಕಾಡಿನ ಕೆಲಸ ಬಿಟ್ಟು, ಸಿಗ್ನಲ್ ಸಿಗುವ ರಸ್ತೆಬದಿಗೆ ಇಳಿದು ಬಂದಿದ್ದರು. ಅವರು ಬರುವ ಹೊತ್ತಿಗೆ ಲೀಡ್ಸ್‌ನವರು ಕರೆದು ಕರೆದು ಸುಮ್ಮನಾಗಿದ್ದರು.

"ಪ್ರತಿ ವರ್ಷ ಗಡಿಯಾರದ ವಿಷಯ ನಾನೇ ಎಲ್ಲರಿಗೂ ನೆನಪು ಮಾಡೋಳು. ಆವತ್ತೇ ಹೇಗೆ ಮರೆತೆ? ಬೇಕಂತಲೇ ಮರೆತೆನಾ?" ಎಂದು ಜಲಜಾ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಅವಳ ಫೋನು ಬರದ ಮಂಗಳವಾರ ನಂಗೆ ಬೇಡವಾಗಿತ್ತು. ಅದಂತೂ ನಿಜ."

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ರೈಲು ಹತ್ತಿದರು. ಲೀಡ್ಸ್‌ನ ಆ ಕಚೇರಿಯಲ್ಲಿ ನಿಂತು, "ತಪ್ಪು ನನ್ನದು, ಅವರದಲ್ಲ," ಎಂದು ಕೇಳಿದವರಿಗೆಲ್ಲ ಹೇಳಿದರು. ಅಲ್ಲಿನ ಹಿರಿಯ ಮಹಿಳೆ ಚಹಾ ಕೊಟ್ಟು, ಇನ್ನೊಂದು ದಿನ ಗೊತ್ತು ಮಾಡಿದರು. ಈ ಸಲ ಪೋಡಿನವರು ಮೊದಲ ರಿಂಗಿಗೇ ಫೋನು ಎತ್ತಿದರು. ಪೋಡಿಗೆ ತರಬೇತಿ ಸಿಕ್ಕಿತು.

ಮಹಾದೇವಿ ಚೆನ್ನಾಗಿಯೇ ಕಲಿತಳು. ಮಂಗಳವಾರದ ಕರೆ ತಿಂಗಳಿಗೊಂದಾಯಿತು, ಆಮೇಲೆ ಅದೂ ನಿಂತಿತು. ಜೇನು ಸೋಸುವ ಕೋಣೆಗೆ ನೆರವು ಸಿಕ್ಕ ಸುದ್ದಿ ಜಲಜಾಗೆ ತಲುಪಿದ್ದು ಬೇರೊಂದು ಸಂಘದವರಿಂದ. "ನನ್ನನ್ನ ಒಂದು ಮಾತೂ ಕೇಳಿರಲಿಲ್ಲ ನೋಡಿ," ಎನ್ನುತ್ತಾ ಜಲಜಾ ನಗುತ್ತಾರೆ. ಕಣ್ಣು ಮಾತ್ರ ತುಂಬಿಕೊಳ್ಳುತ್ತದೆ.

ಈಗ ಉಳಿದ ಮೂರು ಸಂಘಗಳ ಕೆಲಸ ನಡೆದಿದೆ. ಮಂಗಳವಾರ ಮಾಡಲು ಏನೂ ಇಲ್ಲದಿದ್ದರೂ ಜಲಜಾಗೆ ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ. ಹೋದ ವಾರ ಹಾಗೇ ಕೂತಿದ್ದಾಗ ಮಹಾದೇವಿಯ ಫೋನು ಬಂತು. ಜಲಜಾ ಗಡಿಬಿಡಿಯಿಂದ ಪೆನ್ನು ಎಳೆದುಕೊಂಡು, "ಯಾವ ಟ್ರಸ್ಟು? ಕೊನೇ ದಿನಾಂಕ ಯಾವುದು?" ಎಂದು ಕೇಳಿದರು.

"ಅರ್ಜಿಗಿರ್ಜಿ ನಾವೇ ಹಾಕ್ಕತೀವಿ ಬುಡಕ್ಕ," ಎಂದಳಂತೆ ಮಹಾದೇವಿ. "ನೀನ್ಯಾವಾಗ ಬಂದೀಯೆ, ಅದ ಹೇಳು."

ಹತ್ತು ವರ್ಷ ಮಾತಾಡಿದ್ದೆಲ್ಲ ಕೆಲಸದ ಮಾತು. ಈ ಪ್ರಶ್ನೆ ಇದೇ ಮೊದಲು. ಜಲಜಾ ಆವತ್ತೇ ಸರ್ಜರಿಯಲ್ಲಿ ರಜೆ ಸಿಗಬಹುದೇ ಎಂದು ಡಿಸೆಂಬರಿನ ರೋಟಾ, ಅಂದರೆ ಕೆಲಸದ ಪಾಳಿಪಟ್ಟಿ, ಕೇಳಿ ನೋಡಿದ್ದಾರೆ.

"ಒಂದ್ಸಲ ಹೋಗ್ಬೇಕು," ಎನ್ನುತ್ತಾರೆ. "ಕೈಯಲ್ಲಿ ಒಂದು ಕಾಗದಾನೂ ಇಲ್ಲದೆ. ಸುಮ್ನೆ, ನೆಂಟರ ಥರ."