ಹೊಸ ಗಾಡಿಗೆ ಹಳೆ ಎಂಜಿನ್ನು

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹೊಸ ಮೋಟಾರ್‌ಸೈಕಲ್ಲಿನ ಒಳ್ಳೆಯ ಎಂಜಿನ್ ಕೀಳಿಸಿ, ಆ ಜಾಗದಲ್ಲಿ ಇಪ್ಪತ್ತು ವರ್ಷದ ಹಳೆಯ ಎಂಜಿನ್ ಕೂರಿಸಿಕೊಂಡವನು ನಾನು. ಕೊಟ್ಟೂರಿನಲ್ಲಿ ಈಗಲೂ ನನ್ನನ್ನು ಕಂಡರೆ ಕೆಲವರು ಬಾಯಿಗೆ ಟವೆಲ್ ಅಡ್ಡ ಹಿಡಿಯುತ್ತಾರೆ. ನಗಲಿ, ಆದರೆ ಕಾರಣ ಕೇಳಿ ನಗಲಿ.

ಎಂಬತ್ತರ ದಶಕದಲ್ಲಿ ನಾನು ಹಡಗಲಿ ಸುತ್ತಿನ ಹಳ್ಳಿಗಳಿಗೆ ಹೋಗಿ ದನಗಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ಸರ್ಕಾರಿ ಕಾಗದದಲ್ಲಿ ನಾನು ಡಾಕ್ಟರಲ್ಲ. ಜನ ಹಾಗೆ ಕರೆದರು, ನಾನು ತಿದ್ದಲಿಲ್ಲ, ದನಗಳು ಕಾಗದ ಕೇಳಲಿಲ್ಲ. ನನ್ನ ಹಳೆಯ ಗಾಡಿ ಹಳ್ಳದ ಆಚೆ ಗುಡುಗಿದರೆ ಸಾಕು, ಹಿರೇಹಡಗಲಿ ಕಡೆಯ ಒಂದು ಹಳ್ಳಿಯ ಮಂದಿ ದನ ಹಿಡಿದುಕೊಂಡು ಬೇವಿನ ಕಟ್ಟೆಗೆ ಬಂದಿರುತ್ತಿದ್ದರು. ನನ್ನ ಸದ್ದನ್ನು ಎಷ್ಟು ಅಕ್ಕರೆಯಿಂದ ಗುರುತು ಹಿಡಿಯುತ್ತಾರೆ ಎಂದು ಹೆಂಡತಿಯೆದುರು ಬೀಗಿದ್ದೂ ಉಂಟು. "ನನಗೂ ಗುರುತು ಸಿಗತೈತಿ ಬಿಡ್ರಿ, ಕಿವಿ ಅದಾವಲ್ಲ" ಎಂದಿದ್ದಳು.

ಒಂದು ದಿನ ಹಳ್ಳದಲ್ಲೇ ಆ ಗಾಡಿಯ ಚಾಸಿ ಎರಡು ತುಂಡಾಯಿತು. ಎಂಜಿನ್ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ದೂರದ ಓಡಾಟಕ್ಕೆಂದೇ ಮಾಡಿದ ಹೊಸ ಗಾಡಿ ಕೊಂಡೆ. ಮೆತ್ತನೆಯ ಸೀಟು, ಐಸಿನ ಪೆಟ್ಟಿಗೆ ಕಟ್ಟಲು ಹಿಂದೆ ಅಗಲವಾದ ಕ್ಯಾರಿಯರ್. ಒಂದೇ ದೋಷ, ಅದಕ್ಕೆ ಸದ್ದಿರಲಿಲ್ಲ.

ಮಳೆಗಾಲಕ್ಕೆ ಮೊದಲು ದನಗಳನ್ನೇ ಕೊಲ್ಲುವ ಗಂಟಲುಬೇನೆಗೆ ಮದ್ದು ಹಾಕಬೇಕು; ಮದ್ದು ತಣ್ಣಗಿರಬೇಕು. ಹರಪನಹಳ್ಳಿಯಿಂದ ತಂದ ಐಸು ನಮ್ಮ ಬಿಸಿಲಿಗೆ ಎಷ್ಟು ಹೊತ್ತು ತಡೆದೀತು? ಹೊಸ ಗಾಡಿಯಲ್ಲಿ ಆ ಹಳ್ಳಿಗೆ ಹೋದರೆ ಕಟ್ಟೆಯ ಮೇಲೆ ನಾನೊಬ್ಬನೇ. ಹಾರ್ನ್ ಹೊಡೆದೆ, ಪೆಟ್ಟಿಗೆ ನೋಡಿ ಐಸ್‌ಕ್ಯಾಂಡಿಯವನೆಂದು ಮಕ್ಕಳು ಓಡಿ ಬಂದರು. ಮನೆಮನೆ ಬಾಗಿಲು ತಟ್ಟಿ ಜನ ಸೇರಿಸುವಷ್ಟರಲ್ಲಿ ಐಸು ನೀರಾಗಿತ್ತು. ಕೆಟ್ಟ ಮದ್ದು ಚೆಲ್ಲಿ ಬಂದೆ. ಮಳೆ ಬಿದ್ದ ಮೇಲೆ ಆ ಊರಿನ ಎಷ್ಟು ಕೊಟ್ಟಿಗೆ ಬರಿದಾಗಬಹುದೆಂದು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊಟ್ಟೂರಿನ ಮೆಕ್ಯಾನಿಕ್ ಮಸ್ತಾನ್ ಸಾಬರ ಮುಂದೆ ಕಷ್ಟ ಹೇಳಿಕೊಂಡೆ.

"ಡಾಕ್ಟ್ರ, ಮಂದಿ ಸದ್ದು ತಗಸಾಕ ಬರ್ತಾರ. ಹಾಕಸಾಕ ಬಂದಾವ್ರು ನೀವೊಬ್ರೇ ನೋಡ್ರಿ" ಎಂದರು ಸಾಬರು. ಆದರೆ ಅವರ ಕಣ್ಣು ಆಗಲೇ ಹೊಳೆಯುತ್ತಿತ್ತು.

ಎಂಟು ದಿನ ಕೊಯ್ದರು, ಬೆಸುಗೆ ಹಾಕಿದರು. ಟ್ಯಾಂಕು ಕೂರಲಿಲ್ಲವೆಂದು ಅದರಡಿ ಜಾಲಿ ಕಟ್ಟಿಗೆಯ ತುಂಡು ಇಟ್ಟರು. ಕಾರ್ಬುರೇಟರ್ ಬಲಗಡೆ ಹೊರಗೆ ಚಾಚಿಕೊಂಡಿದ್ದರಿಂದ ನಾನು ಬಲಮೊಣಕಾಲು ಅಗಲಿಸಿ, ಗೋಡೆ ಕಂಡ ನಾಯಿಯ ಭಂಗಿಯಲ್ಲಿ ಕೂರಬೇಕಿತ್ತು. ಹಿಂದೆ ಯೋಗಿಗಳು ಪರಕಾಯ ಪ್ರವೇಶ ಮಾಡುತ್ತಿದ್ದರಂತೆ. ಹೊಕ್ಕ ಮೇಲೆ ಅವರು ಯಾರು? ಮೈ ಯಾರದೋ ಅವರೋ, ಉಸಿರು ಯಾರದೋ ಅವರೋ? ಪಂಡಿತರು ಬಗೆಹರಿಸಿದ್ದಾರೋ ಇಲ್ಲವೋ ತಿಳಿಯದು. ಹಡಗಲಿ ರಸ್ತೆಯಲ್ಲಿ ಪೊಲೀಸರೊಬ್ಬರು ನನ್ನ ಎರಡೂ ಗಾಡಿಗಳ ಪುಸ್ತಕ ತಿರುವಿ ಇದನ್ನೇ ಕೇಳಿದರು: "ಎಂಜಿನ್ ನಂಬರು ಇದರಾಗೈತಿ, ಚಾಸಿ ನಂಬರು ಅದರಾಗೈತಿ. ಈಗ ನೀವು ಯಾವ ಗಾಡಿ ಮ್ಯಾಲ ಕುಂತೀರಿ?" ನಾನು ಹಿಂದೆ ಕಟ್ಟಿದ್ದ ಐಸು ತೋರಿಸಿದೆ. ತೊಟ್ಟಿಕ್ಕುವ ಪೆಟ್ಟಿಗೆ ನೋಡಿ ಕರುಣೆ ಬಂದಿರಬೇಕು. "ಹೋಗ್ರಿ, ಎರಡರ ಮ್ಯಾಲೂ ಹುಷಾರಾಗಿ ಹೋಗ್ರಿ" ಎಂದರು.

ಹಳ್ಳ ದಾಟಿ ಆ ಊರಿಗೆ ಗುಡುಗುತ್ತಾ ನುಗ್ಗಿದೆ. ಕಟ್ಟೆಯ ಮೇಲೆ ಯಾರೂ ಇಲ್ಲ. ಪಕ್ಕದ ಜಗುಲಿಯಲ್ಲಿ ಚೌಕಾಬಾರ ಆಡುತ್ತಿದ್ದ ಇಬ್ಬರು ತಲೆಯೆತ್ತಲೂ ಇಲ್ಲ. ಸಾಬರು ಕಾರ್ಬುರೇಟರ್ ತೊಳೆದು ತಿದ್ದಿ ನನ್ನ ಸದ್ದನ್ನೇ ಕೆಡಿಸಿಬಿಟ್ಟರೇನೋ ಎನಿಸಿತು. ಸಿಟ್ಟಿನಿಂದ ಎರಡು ಸಲ ಆಕ್ಸಿಲರೇಟರ್ ತಿರುವಿದೆ.

ಕಟ್ಟೆಯ ಎದುರಿನ ಗೌರಮ್ಮನ ಮನೆ ಮುಂದೆ ಗಾಢ ನಿದ್ದೆಯಲ್ಲಿದ್ದ ಎಮ್ಮೆ ದಡಕ್ಕನೆ ಎದ್ದಿತು. ಕಿವಿ ನಿಮಿರಿಸಿ ಹಗ್ಗ ಜಗ್ಗತೊಡಗಿತು. ಅದನ್ನು ಕಂಡು ಪಕ್ಕದ ಮನೆಯ ಎತ್ತುಗಳು ಬೆದರಿದವು, ಆಮೇಲೆ ಇಡೀ ಓಣಿಯ ಗೂಟಗಳು ಅಲುಗಾಡಿದವು. ಗೌರಮ್ಮ ಹೊರಗೆ ಬಂದು ಕೂಗು ಹಾಕಿದಳು: "ಡಾಕ್ಟ್ರು ಬಂದಾರ, ದನ ಹಿಡಕೊಂಡು ಬರ್ರಲೇ!"

ಜೀವ ಬಂದಂತಾಯಿತು. "ಅವ್ವಾ, ನನ್ನ ಗಾಡಿ ಸದ್ದು ಗುರುತು ಸಿಕ್ತೇನು?" ಎಂದೆ.

"ಗಾಡಿ ಸದ್ದು ಯಾರು ಕೇಳ್ತಾರ್ರೀ? ಹಿಟ್ಟಿನ ಗಿರಣೀದೂ ಅದಾ ಸದ್ದು. ಎಮ್ಮಿ ಗೂಟ ಕೀಳಾಕ ಹತ್ತಿದ್ರ ನೀವು ಬಂದ್ರಿ ಅಂತ ತಿಳಕೋತೀವಿ. ಹೋದ ಸಲ ಅದು ಸುಮ್ನ ಮಲಗಿತ್ತು, ನಾವೂ ಸುಮ್ನ ಕುಂತ್ವಿ."

ಐಸು ಕರಗುವುದರೊಳಗೆ ಊರ ದನಗಳಿಗೆಲ್ಲ ಮದ್ದು ಹಾಕಿದೆ. ಆ ಎಮ್ಮೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಮೈ ಬದಲಾದರೂ ನನ್ನನ್ನು ಗುರುತು ಹಿಡಿದ ಜೀವ ಆ ಊರಿನಲ್ಲಿ ಅದೊಂದೇ. ಅದು ಒದ್ದಾಡುತ್ತಾ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. ಅಂದು ಮೊದಲ ಸಲ ಸೂಜಿಯನ್ನು ಬೆನ್ನ ಹಿಂದೆ ಮರೆಮಾಡಿ, ಅದರ ಕುತ್ತಿಗೆ ಸವರಿ, ಆಮೇಲೆ ಚುಚ್ಚಿದೆ.