ಗೋಡೆಯ ಮೇಲಿನ ಡಕೋಟಾ

ನಮ್ಮ ಕಡೆ ಕೆಟ್ಟು ನಿಲ್ಲುವ ಗಾಡಿಗಳನ್ನೆಲ್ಲ ಡಕೋಟಾ ಎನ್ನುತ್ತಾರೆ. ಶಂಕರಪುರದ ನನ್ನ ಸೋದರಮಾವನ ಎದುರು ಮಾತ್ರ ಹಾಗನ್ನುವಂತಿಲ್ಲ. ಅವರು ವಾಯುಪಡೆಯಲ್ಲಿ ಅಸಲಿ ಡಕೋಟಾ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದವರು.

ಯಲಹಂಕದ ವಿಮಾನ ಪ್ರದರ್ಶನಕ್ಕೆ ಹಳೆಯ ಡಕೋಟಾ ಒಂದು ಬರುತ್ತದೆಂದು ತಿಳಿದಾಗ ಮಾವ ಫೋಟೊ ಹುಚ್ಚಿನ ನನ್ನನ್ನು ಕರೆಸಿಕೊಂಡರು. ಮಂಡಿನೋವು, ಬಿಸಿಲಲ್ಲಿ ನಿಲ್ಲಲಾರರು. ಅವರ ಕಾಲದಲ್ಲಿ ವಾಯುನೆಲೆಯೊಳಗೆ ಕ್ಯಾಮೆರಾ ಬಿಡುತ್ತಿರಲಿಲ್ಲವಂತೆ. ಆ ವಿಮಾನದ ಒಂದು ಫೋಟೊ ಕೂಡ ಅವರ ಬಳಿ ಇರಲಿಲ್ಲ.

"ಹಾರ್ತಿರೋದು ಒಂದು ತಂದ್ಕೊಡು. ಸಾಕು" ಎಂದರು. ಯಾರನ್ನೂ ಏನೂ ಕೇಳಿದವರಲ್ಲ ಅವರು.

ಡಕೋಟಾ ಎರಡೇ ಸುತ್ತು ಹಾಕಿತು. ಮೊದಲ ಸುತ್ತಿನಲ್ಲಿ ಶಟರ್ ನಿಧಾನಕ್ಕಿಟ್ಟು ಹತ್ತಾರು ಚಿತ್ರ ತೆಗೆದೆ. ಎಲ್ಲವೂ ಸ್ವಲ್ಪ ಅಲುಗಾಡಿದ್ದವು. ಎರಡನೆಯದರಲ್ಲಿ, ಫೈಟರ್ ಜೆಟ್‌ಗೆ ಇಡುವಂತೆ ಶಟರ್ ವೇಗ ಹೆಚ್ಚಿಸಿದೆ. ವಿಮಾನದ ಮೈಮೇಲಿನ ಒಂದೊಂದು ಮೊಳೆಯೂ ಎಣಿಸುವಷ್ಟು ಸ್ಪಷ್ಟವಾಗಿ ಬಂತು. ವಾಪಸು ಬರುವಾಗ ಬಸ್ಸಿನಲ್ಲೇ ಅಲುಗಿದ್ದನ್ನೆಲ್ಲ ಅಳಿಸಿ ಹಾಕಿದೆ. ಕೆಟ್ಟ ಚಿತ್ರ ನನ್ನ ಕ್ಯಾಮೆರಾದಲ್ಲಿ ಉಳಿಯಬಾರದೆಂಬ ಜಂಬ ನನ್ನದು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಒಯ್ದೆ. ಮಾವ ಕನ್ನಡಕ ಒರೆಸಿಕೊಂಡು ಕಿಟಕಿಯ ಬಳಿ ಹಿಡಿದು ನೋಡಿದರು. ಬೆರಳು ಒಂದು ಎಂಜಿನ್ನಿನಿಂದ ಇನ್ನೊಂದಕ್ಕೆ ಹೋಯಿತು. ಎರಡರಲ್ಲೂ ಪ್ರೊಪೆಲರ್ ನೇರವಾಗಿ, ನಿಚ್ಚಳವಾಗಿ ನಿಂತಿತ್ತು.

"ಎರಡೂ ಎಂಜಿನ್ ನಿಂತೋಗಿದೆಯಲ್ಲೋ. ಇದು ಹಾರ್ತಿಲ್ಲ, ಬೀಳ್ತಿದೆ."

ಶಟರ್ ವೇಗ ಹೆಚ್ಚಿದರೆ ತಿರುಗುವುದೂ ನಿಂತಂತೆ ಕಾಣುತ್ತದೆಂದು ವಿವರಿಸಿದೆ. ಅವರಿಗೆ ಅರ್ಥವಾಯಿತು. ಹಾಗಾದರೆ ತಿರುಗುತ್ತಿರುವುದು ಒಂದಾದರೂ ತೋರಿಸು, ಎಷ್ಟು ಮಸುಕಾದರೂ ಪರವಾಗಿಲ್ಲ ಎಂದರು. ಅಂಥವನ್ನೆಲ್ಲ ಅಳಿಸಿಬಿಟ್ಟೆ ಎನ್ನಲು ನಾಚಿಕೆಯಾಯಿತು, ಆದರೂ ಹೇಳಿದೆ. ಮಾವ ಬೈಯಲಿಲ್ಲ. ಕಾಫಿ ಕುಡಿದು ಹೋಗೆಂದರು, ಫ್ರೇಮನ್ನು ನನ್ನ ಕೈಗೇ ಕೊಟ್ಟರು.

ಆಮೇಲೆ ಎರಡು ಪ್ರದರ್ಶನಗಳಾದವು. ಡಕೋಟಾ ಬರಲಿಲ್ಲ. ಆ ಚಿತ್ರ ಗವಿಪುರದ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಬಂದವರೆಲ್ಲ ಎಷ್ಟು ಕ್ಲಿಯರ್ ಆಗಿದೆ ಎಂದು ಹೊಗಳುತ್ತಾರೆ. ಹಬ್ಬಕ್ಕೆ ಆಟೊದಲ್ಲಿ ಮಾವ ಬರುತ್ತಾರೆ. ಅದರ ಎದುರಿನ ಸೋಫಾ ಮೆತ್ತಗಿದ್ದರೂ ಗೋಡೆ ಪಕ್ಕದ ಗಟ್ಟಿ ಕುರ್ಚಿಯನ್ನೇ ಎಳೆದುಕೊಂಡು, ಚಿತ್ರಕ್ಕೆ ಬೆನ್ನು ಮಾಡಿ ಕೂರುತ್ತಾರೆ.